ತಪ್ಪಿಸಿಕೊಂಡವರ ಸಾಲ

ಕೋವಿಡ್ ವ್ಯಾಧಿಯ ಕಾಲದಲ್ಲಿ ರೋಗಿಗಳ ಸಂಗಡ ಒಂದೇ ಮನೆಯಲ್ಲಿದ್ದರೂ ಕೆಲವರಿಗೆ ಅದು ತಗಲಲಿಲ್ಲ. ಇದು ಅವರ ವಿಶ್ವಾಸದ ಫಲವೋ? ಹಾಗಾದರೆ ಹಾಸಿಗೆ ಹಿಡಿದವರು ಅವಿಶ್ವಾಸಿಗಳೋ?

2021ರಲ್ಲಿ ಲಂಡನ್ ಪಟ್ಟಣದ ವೈದ್ಯರು, ಮನಃಪೂರ್ವಕವಾಗಿ ಒಪ್ಪಿದ 36 ಮಂದಿ ಯೌವನಸ್ಥರ ಮೂಗಿನಲ್ಲಿ ಆ ರೋಗಾಣುವನ್ನು ಹಾಕಿ ಪರೀಕ್ಷಿಸಿದರು. ಸುಮಾರು ಅರ್ಧ ಮಂದಿಗೆ ಮಾತ್ರ ಸೋಂಕು ನೆಲೆಗೊಂಡಿತು. ಉಳಿದವರಲ್ಲಿ ಕೆಲವರ ಮೂಗಿನೊಳಗೆ ರಕ್ಷಕ ಕಣಗಳು ಬೇಗನೆ ಕೂಡಿಬಂದವೆಂದು 2024ರಲ್ಲಿ ಪ್ರಕಟವಾಯಿತು. ಅದು ಅವರು ದುಡಿದು ಗಳಿಸಿದ್ದಲ್ಲ, ಹೊಂದಿದ್ದು.

ಸಿಲೊವಾಮಿನ ಬುರುಜು ಬಿದ್ದು ಸತ್ತ 18 ಮಂದಿ ಇತರರಿಗಿಂತ ಹೆಚ್ಚು ಅಪರಾಧಿಗಳಲ್ಲವೆಂದು ಕರ್ತನು ಬೋಧಿಸಲಿಲ್ಲವೇ? ಆದದರಿಂದ ರೋಗ ತಗಲದ ನಾವು ರೋಗಿಗೆ ತೀರ್ಪು ಮಾಡಬಾರದು. ಉಚಿತವಾಗಿ ಹೊಂದಿದ ಆರೋಗ್ಯದಲ್ಲಿ ಹೊಗಳಿಕೆಗೆ ಸ್ಥಳವಿಲ್ಲ, ಸಾಲವುಂಟು. ಆ ಸಾಲವನ್ನು ನೆರೆಯವನ ಹಾಸಿಗೆಯ ಬಳಿಯಲ್ಲಿ ಗಂಜಿಯಿಂದಲೂ ನೀರಿನಿಂದಲೂ ತೀರಿಸೋಣ.