ಮಲಗಿದ ಹಾವನ್ನು ಎಬ್ಬಿಸಬಹುದೇ?

ಗಜೇಂದ್ರಗಡದ ಕಡೆಯ ವಿದ್ಯಾರ್ಥಿಯೊಬ್ಬ ಪಾಠ ಮುಗಿದ ಮೇಲೂ ಬಾಗಿಲಲ್ಲೇ ನಿಂತಿದ್ದ. ಅವನ ತಂದೆ ನಲವತ್ತು ತುಂಬುವ ಮೊದಲೇ ನಿದ್ರೆಯಲ್ಲಿ ತೀರಿಕೊಂಡವರು. ಈಚೆಗೆ ಇವನ ಇಸಿಜಿ ತೆಗೆದ ವೈದ್ಯರು ಅದರಲ್ಲಿ 'ಬ್ರುಗಾಡ'ದ ಗುರುತು ಕಂಡರಂತೆ. ಹನ್ನೊಂದು ವರ್ಷದ ತಮ್ಮನ ಇಸಿಜಿ ಸರಿಯಾಗಿಯೇ ಇದೆ. ಆದರೂ ಔಷಧ ಚುಚ್ಚಿ ನೋಡುವ ಮಾತು ಬಂದಿದೆ. "ಸರ್, ಅಂವಗ ಏನೂ ಆಗಿಲ್ಲಲ್ರಿ. ಚುಚ್ಚಿಸಿ ನೋಡೂದು ಸರಿ ಏನ್ರಿ?" ಕನ್ನಡ ಕಲಿಸುವವನನ್ನು ಕೇಳುವ ಪ್ರಶ್ನೆಯೇ ಇದು, ಎನ್ನಿಸಿತು. ಆದರೆ ಅವನು ಕೇಳಿದ್ದು ವೈದ್ಯವನ್ನಲ್ಲ, ಸರಿ ತಪ್ಪನ್ನು.

ಪೆಡ್ರೊ ಮತ್ತು ಜೋಸೆಪ್ ಬ್ರುಗಾಡ ಎಂಬ ಸೋದರರು 1992ರಲ್ಲಿ ವರ್ಣಿಸಿದ ಈ ರೋಗ ಹೃದಯದ ವಿದ್ಯುತ್ತಿಗೆ ಸಂಬಂಧಿಸಿದ್ದು. ಹೃದಯ ನೋಡಲು ಗಟ್ಟಿಯಾಗಿಯೇ ಇರುತ್ತದೆ. ಬಡಿತದ ಲಯ ಮಾತ್ರ ಒಮ್ಮೆಗೇ, ಹೆಚ್ಚಾಗಿ ನಿದ್ರೆಯಲ್ಲಿ, ಕೆಡಬಹುದು. ದೋಷದ ಜೀನು ಇದ್ದವರ ಪ್ರತಿಯೊಂದು ಮಗುವಿಗೂ ಅದು ಇಳಿಯುವ ಸಂಭವ ಅರ್ಧಕ್ಕರ್ಧ. ಅಡಗಿರುವ ಗುರುತನ್ನು ಹೊರಗೆಳೆಯಲು ಅಜ್ಮಲೀನ್ ಎಂಬ ಔಷಧವನ್ನು, ದೇಹದ ತೂಕದ ಕಿಲೋಗೆ 1 ಮಿಲಿಗ್ರಾಂ ಲೆಕ್ಕದಲ್ಲಿ, ಕೆಲವು ನಿಮಿಷಗಳಲ್ಲಿ ರಕ್ತನಾಳಕ್ಕೆ ಸೇರಿಸುತ್ತಾರೆ. ಅದಿಲ್ಲದ ಕಡೆ ಫ್ಲೆಕೈನೈಡ್‌ನಂಥವು ಬಳಕೆಯಲ್ಲಿವೆ. ಪರೀಕ್ಷೆಯೇ ಲಯವನ್ನು ಕೆಡಿಸುವುದೂ ಉಂಟು. ಆದ್ದರಿಂದ ಎದೆಗೆ ವಿದ್ಯುತ್ತಿನ ಪೆಟ್ಟು ಕೊಡುವ ಯಂತ್ರ ಪಕ್ಕದಲ್ಲಿಯೇ ಇರಬೇಕು. ಸೋಜಿಗವೆಂದರೆ ಈ ಅಜ್ಮಲೀನ್ ನಮ್ಮ ಸರ್ಪಗಂಧದ ಬೇರಿನದು. ಸಲೀಮುಜ್ಜಮಾನ್ ಸಿದ್ದಿಕಿಯವರು 1931ರಲ್ಲಿ ಅದನ್ನು ದಿಲ್ಲಿಯಲ್ಲಿ ಬೇರ್ಪಡಿಸಿ, ಹಕೀಮ್ ಅಜ್ಮಲ್ ಖಾನರ ಹೆಸರಿಟ್ಟರು. ಹಾವಿನ ವಿಷಕ್ಕೆಂದು ಹಿರಿಯರು ಅರೆದ ಬೇರು ಇಂದು ಮಲಗಿದ ಹಾವನ್ನು ತಿವಿದು ಎಬ್ಬಿಸುವ ಕೋಲಾಗಿದೆ.

ಸತ್ಯ ತಿಳಿಯುವುದು ಒಳ್ಳೆಯದೆಂದು ನಾವೇ ತರಗತಿಯಲ್ಲಿ ಹೇಳುತ್ತೇವೆ. ಆದರೆ ಇದು ಎಂಥ ಸತ್ಯ? ಹುಡುಗನಲ್ಲಿ ಗುರುತು ಕಾಣದಿದ್ದರೆ ಮಾತು ಮುಗಿಯುವುದಿಲ್ಲ. ಹರೆಯ ಬಂದ ಮೇಲೆ ಕಾಣಬಹುದು, ಮತ್ತೆ ಚುಚ್ಚಬೇಕು. ಕಂಡರೂ ಮುಗಿಯುವುದಿಲ್ಲ, ಔಷಧದಿಂದಷ್ಟೇ ಗುರುತು ಮೂಡಿ, ಮೂರ್ಛೆ ಮೊದಲಾದ ಲಕ್ಷಣವಿಲ್ಲದವರಿಗೆ ಅಪಾಯ ಕಡಿಮೆ. 2016ರಲ್ಲಿ ತಜ್ಞರು ಮಾಡಿದ ಅಂಕಪಟ್ಟಿಯಲ್ಲಿ ಔಷಧದ ಗುರುತಿಗೆ 2 ಅಂಕ. ರೋಗ ಇದೆಯೆನ್ನಲು ಮೂರೂವರೆ ಬೇಕು. ಅಂಥವರಿಗೆ ಹೇಳುವುದೇನು? ಜ್ವರ ಬಂದರೆ ತಡಮಾಡದೆ ಇಳಿಸಿಕೊಳ್ಳಿರಿ, ಇಂತಿಂಥ ಔಷಧ ಬೇಡ. ಇಷ್ಟನ್ನು ಸೂಜಿಯಿಲ್ಲದೆಯೂ ಪಾಲಿಸಬಹುದಲ್ಲ!

ಹೆಸರು ಮಾತ್ರ ಅಂಟಿಬಿಡುತ್ತದೆ. ರೋಣದಲ್ಲಿ ಆಡಿದ ಮಾತು ನರಗುಂದಕ್ಕೆ ಬಸ್ಸಿಗಿಂತ ಮೊದಲೇ ಮುಟ್ಟುತ್ತದೆ. ನಾಳೆ ಕನ್ಯೆ ನೋಡಲು ಹೋದಾಗ, ಕಬಡ್ಡಿಯ ಅಂಕಣಕ್ಕೆ ಇಳಿದಾಗ, ಆ ಹೆಸರು ಅವನಿಗಿಂತ ಮುಂದೆ ನಡೆಯುತ್ತದೆ. ಹೊರುವವನು ಅವನು, ಒಪ್ಪಿಗೆ ಕೊಟ್ಟವರು ನಾವು.

ಹಾಗೆಂದು ಅಂಜಿದವರನ್ನು ಅಜ್ಞಾನಿಗಳೆನ್ನಲಾರೆ. ಹಾಸನದ ಕಡೆಯ ತರುಣರ ಹಠಾತ್ ಸಾವುಗಳ ಸುದ್ದಿ 2025ರಲ್ಲಿ ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿ ನಿಂತರು. ಆ ಸಾವುಗಳ ಕಾರಣ ಬೇರೆಬೇರೆ ಇರಬಹುದು. ಆದರೆ ಸಾಲಿನಲ್ಲಿ ನಿಂತವರಿಗೆ ಬೇಕಾಗಿದ್ದುದು "ನಿನಗೇನೂ ಇಲ್ಲ" ಎಂಬ ಒಂದು ಮಾತು. ಈ ಸೂಜಿ ಹನ್ನೊಂದರ ಹುಡುಗನಿಗೆ ಕೊಡಲಾರದ್ದು ಆ ಮಾತನ್ನೇ.

ವರ್ಷಕ್ಕೊಮ್ಮೆ ಇಸಿಜಿ ತೆಗೆಸಿರಿ, ಜ್ವರವನ್ನು ಕಡೆಗಣಿಸಬೇಡಿರಿ, ಮೂರ್ಛೆ ಹೋದರೆ ಒಂದು ದಿನವೂ ಕಾಯಬೇಡಿರಿ; ಸೂಜಿಯನ್ನು ತಮ್ಮ ತಾನೇ ತಿಳಿದು ಕೇಳುವ ವಯಸ್ಸಿಗೆ ಬಿಡಬಹುದೇ ಎಂದು ವೈದ್ಯರನ್ನೇ ಕೇಳು, ಎಂದೆ. ವಾರ ಕಳೆದು ಬಂದ. ವೈದ್ಯರೂ ಕಾಯಲು ಒಪ್ಪಿದ್ದರು.

"ಅವ್ವ ಏನಂದಳು?" ಎಂದೆ.

"ರಾತ್ರಿ ಎದ್ದೆದ್ದು ಅವನ ಎದಿ ಮ್ಯಾಲ ಕೈ ಇಟ್ಟು ನೋಡತಾಳ್ರಿ ಸರ್. ಅಂವ ದೊಡ್ಡಾಂವ ಆಗೂತನಕ ನಾ ಹಿಂಗ ಕುಂಡರಬೇಕೇನು ಅಂತಾಳ್ರಿ."