ಮನಸ್ಸು ಕುಂದಿದವರಿಗೆ ಸಭೆಯು ಸಲ್ಲಿಸತಕ್ಕ ಋಣ



ನಮ್ಮ ಹಳ್ಳಿಯ ಸಭೆಗಳಲ್ಲಿ ಒಬ್ಬನಿಗೆ ವಿಷಮಜ್ವರ ಬಂದರೆ ಏನಾಗುತ್ತದೆಂಬದನ್ನು ನಾವೆಲ್ಲರೂ ಬಲ್ಲೆವು. ಒಬ್ಬಳು ಗಂಜಿಯನ್ನು ತರುತ್ತಾಳೆ. ಒಬ್ಬನು ಆಸ್ಪತ್ರೆಗೆ ಹೋಗಲು ವಾಹನವನ್ನು ಗೊತ್ತುಮಾಡುತ್ತಾನೆ. ಭಾನುವಾರದ ಆರಾಧನೆಯಲ್ಲಿ ಅವನ ಹೆಸರನ್ನೆತ್ತಿ ಪ್ರಾರ್ಥಿಸುತ್ತೇವೆ. ಆದರೆ ಒಬ್ಬನ ಮನಸ್ಸೇ ರೋಗಕ್ಕೊಳಗಾದರೆ ಗಂಜಿಯೂ ಬರುವದಿಲ್ಲ, ವಾಹನವೂ ಬರುವದಿಲ್ಲ. ಅವನ ಹೆಸರು ಪ್ರಾರ್ಥನೆಯಲ್ಲಲ್ಲ, ಜಗಲಿಯ ಮಾತಿನಲ್ಲಿ ಕೇಳಿಬರುತ್ತದೆ. ಈ ಭೇದಕ್ಕೆ ಕಾರಣವೇನು? ಶರೀರದ ರೋಗವನ್ನು ನಾವು ಕಷ್ಟವೆಂದೆಣಿಸುತ್ತೇವೆ. ಮನಸ್ಸಿನ ರೋಗವನ್ನಾದರೋ ಅಪರಾಧವೆಂದೆಣಿಸುತ್ತೇವೆ. ನಂಬಿಕೆಯು ದೃಢವಾಗಿದ್ದರೆ ಬುದ್ಧಿ ಕಲಕುವದುಂಟೇ ಎಂದು ಕೇಳುತ್ತೇವೆ. ಈ ಪ್ರಶ್ನೆಯನ್ನೇ ಈ ಸಾರಿ ವಿಚಾರಿಸೋಣ.

ಪರರ ತಪ್ಪನ್ನು ಹೇಳುವದಕ್ಕೆ ಮುಂಚೆ ನಮ್ಮದನ್ನು ಹೇಳುವದು ನ್ಯಾಯ. ಕೆಲವು ವರುಷಗಳ ಹಿಂದೆ ನಮ್ಮ ಸಭೆಯ ಒಬ್ಬ ಸಹೋದರಿಯು ಹೆರಿಗೆಯಾದ ಮೇಲೆ ಯಾರೊಡನೆಯೂ ಮಾತಾಡದೆ, ಕೂಸನ್ನೂ ಎತ್ತಿಕೊಳ್ಳದೆ, ಗೋಡೆಯ ಕಡೆಗೆ ಮುಖಮಾಡಿ ಮಲಗಿಬಿಟ್ಟಳು. ನಾವು ಹೋಗಿ ವೇದವನ್ನೋದಿ, ಗುಪ್ತಪಾಪವೇನಾದರೂ ಇದ್ದರೆ ಅರಿಕೆಮಾಡಿ ಪೂರ್ಣಮನಸ್ಸಿನಿಂದ ನಂಬಬೇಕೆಂದು ಬುದ್ಧಿಹೇಳಿ ಬಂದೆವು. ಕೆಲಸ ಮುಗಿಯಿತೆಂದು ಎಣಿಸಿದೆವು. ಮೂರನೆಯ ದಿನ ಆಕೆಯ ಅತ್ತೆಯು ನಮ್ಮ ಬಾಗಲಿಗೆ ಬಂದು, "ಉಪದೇಶಿಗಳೇ, ಅವಳು ಕಣ್ಣುಮುಚ್ಚಿ ಹನ್ನೆರಡು ದಿನಗಳಾದವು. ನೀವು ಪಾಪವನ್ನು ಕೇಳಿದಿರಿ, ನಿದ್ದೆಯನ್ನು ಕೇಳಲಿಲ್ಲ" ಎಂದಳು. ಅಕ್ಷರವನ್ನರಿಯದ ಆ ಮುದುಕಿಯ ಮಾತು, ಸೆಮಿನರಿಯಲ್ಲಿ ಓದಿದ ನಮ್ಮನ್ನು ನಾಚಿಸಿತು.

ಆ ರಾತ್ರಿ ನಾವು ಎಲೀಯನ ಚರಿತ್ರೆಯನ್ನು ತಿರಿಗಿ ಓದಿದೆವು. ಕರ್ಮೆಲ್ ಬೆಟ್ಟದಲ್ಲಿ ಅಷ್ಟು ದೊಡ್ಡ ಜಯವನ್ನು ಕಂಡ ಪ್ರವಾದಿಯೇ ಮರುಭೂಮಿಯಲ್ಲಿ ಗಿಡದ ಕೆಳಗೆ ಕೂತು ಮರಣವನ್ನು ಬೇಡಿಕೊಂಡನಲ್ಲವೇ? ದೇವರು ಅವನನ್ನು ಮೊದಲು ಗದರಿಸಲಿಲ್ಲ. ನಿದ್ದೆಹೋಗಗೊಟ್ಟನು, ರೊಟ್ಟಿಯನ್ನೂ ನೀರನ್ನೂ ಕೊಟ್ಟನು, ತಿರಿಗಿ ನಿದ್ದೆ, ತಿರಿಗಿ ಆಹಾರ. ಪ್ರಶ್ನೆಯು ಬಂದದ್ದು ನಾಲ್ವತ್ತು ದಿನಗಳ ಪ್ರಯಾಣವಾದ ಮೇಲೆಯೇ. ನಾವಾದರೋ ರೊಟ್ಟಿಗೆ ಮುಂಚೆ ಪ್ರಶ್ನೆಯನ್ನಿಟ್ಟಿದ್ದೆವು.

ಆದರೂ ಒಬ್ಬನು ಹೇಳಬಹುದು: "ಎಲೀಯನು ಬೇಗ ಎದ್ದು ನಡೆದನು, ಏಳದೇ ಇರುವವನ ವಿಷಯವೇನು?" ಇದಕ್ಕೆ ಇಂಗ್ಲೆಂಡಿನ ಓಲ್ನಿ ಎಂಬ ಊರಿನ ಸಭೆಯ ಚರಿತ್ರೆಯು ಉತ್ತರಕೊಡುತ್ತದೆ. ವಿಲಿಯಂ ಕೂಪರ್ ಎಂಬ ಕವಿಯು 1731ರಲ್ಲಿ ಹುಟ್ಟಿ, ಆರು ವರುಷದವನಾಗಿದ್ದಾಗಲೇ ತಾಯಿಯನ್ನು ಕಳಕೊಂಡನು. 1763ರಲ್ಲಿ ಬುದ್ಧಿ ಕಲಕಿ ಪ್ರಾಣವನ್ನು ತೆಗೆದುಕೊಳ್ಳಲೆಳಸಿದನು. ಸೇಂಟ್ ಆಲ್ಬನ್ಸ್ ಊರಿನ ಕಾಟನ್ ಎಂಬ ದಯಾವಂತನಾದ ವೈದ್ಯನ ಆರೈಕೆಯಲ್ಲಿ ಗುಣಹೊಂದಿ, ಅಲ್ಲಿಯೇ ಸುವಾರ್ತೆಯಲ್ಲಿ ಸಮಾಧಾನವನ್ನೂ ಕಂಡನು. 1767ರಲ್ಲಿ ಓಲ್ನಿಗೆ ಬಂದು, ಅಲ್ಲಿನ ಬೋಧಕರಾದ ಜಾನ್ ನ್ಯೂಟನ್ ಎಂಬವರೊಡನೆ ಬಡವರ ಮನೆಗಳಿಗೆ ಹೋಗುತ್ತಾ, ಪ್ರಾರ್ಥನಾಕೂಟಗಳಿಗಾಗಿ ಕೀರ್ತನೆಗಳನ್ನು ರಚಿಸುತ್ತಾ ಇದ್ದನು. ಆದರೆ 1773ರಲ್ಲಿ ರೋಗವು ಮರಳಿತು. ದೇವರು ತನ್ನನ್ನು ಎಂದೆಂದಿಗೂ ತಳ್ಳಿಬಿಟ್ಟನೆಂಬ ಭಾವನೆಯು ಅವನಲ್ಲಿ ಬೇರೂರಿತು. ಅಂದಿನಿಂದ ಅವನು ಆರಾಧನೆಗೆ ಬರಲೇ ಇಲ್ಲ. 1800ರಲ್ಲಿ ತೀರಿಹೋಗುವ ತನಕ ಆ ಕತ್ತಲೆಯು ಪೂರ್ಣವಾಗಿ ಬಿಡಲಿಲ್ಲ.

ಆಗ ನ್ಯೂಟನ್‌ರವರು ಮಾಡಿದ್ದೇನು? ಅವನನ್ನು ತಮ್ಮ ಮನೆಯಲ್ಲಿಯೇ ಒಂದು ವರುಷಕ್ಕಿಂತಲೂ ಹೆಚ್ಚುಕಾಲ ಇರಿಸಿಕೊಂಡರು. ವಾದದಿಂದ ಅವನ ನಿರಾಶೆಯನ್ನು ಗೆಲ್ಲಲಾರದೆ ಹೋದರೂ ಅವನ ಸ್ನೇಹವನ್ನು ಬಿಡಲಿಲ್ಲ. ಮೇರಿ ಅನ್ವಿನ್ ಎಂಬ ವಿಧವೆಯು ತಾನು ರೋಗದಲ್ಲಿ ಬೀಳುವ ವರೆಗೆ ಅವನನ್ನು ನೋಡಿಕೊಂಡಳು. ನೆರೆಯವರು ಅವನಿಗೆ ಮೊಲದ ಮರಿಗಳನ್ನು ತಂದುಕೊಟ್ಟರು. ಅವುಗಳನ್ನು ಸಾಕುತ್ತಾ, ತೋಟದಲ್ಲಿ ದುಡಿಯುತ್ತಾ ಅವನು ದಿನಗಳನ್ನು ನೂಕಿದನು. 1779ರಲ್ಲಿ ಅಚ್ಚಾದ ಓಲ್ನಿಯ ಕೀರ್ತನೆಗಳ ಪುಸ್ತಕದಲ್ಲಿ ಅರುವತ್ತಕ್ಕೂ ಹೆಚ್ಚು ಕೀರ್ತನೆಗಳು ಅವನವೇ. ದೇವಾಲಯಕ್ಕೆ ಕಾಲಿಡಲಾರದವನ ಮಾತುಗಳಿಂದ ಸಾವಿರಾರು ಸಭೆಗಳು ದೇವರನ್ನು ಸ್ತುತಿಸಿದವು. ಇಂಥವನಿಗೆ ನಂಬಿಕೆಯಿರಲಿಲ್ಲವೆಂದು ತೀರ್ಪುಮಾಡಲು ನಾವು ಯಾರು?

ಕೆಲವರು, "ಇದು ದೆವ್ವದ ಕಾಟವಲ್ಲವೇ?" ಎಂದು ಕೇಳುವರು. ಮತ್ತಾಯನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು ನೋಡಿರಿ: ಕರ್ತನ ಬಳಿಗೆ ತರಲ್ಪಟ್ಟವರಲ್ಲಿ ದೆವ್ವ ಹಿಡಿದವರು ಬೇರೆ, ಮೂರ್ಛಾರೋಗಿಗಳು ಬೇರೆ, ಪಾರ್ಶ್ವವಾಯು ರೋಗಿಗಳು ಬೇರೆ ಎಂದು ಎಣಿಸಲ್ಪಟ್ಟಿದೆ. ಹೀಗಿರಲಾಗಿ ನಾವು ಎಲ್ಲವನ್ನೂ ಒಂದೇ ಹೆಸರಿನಿಂದ ಕರೆದು ರೋಗಿಯನ್ನು ಹೊಡೆಯುವದೂ ಉಪವಾಸ ಕೆಡವುವದೂ ದೇವರ ಕೆಲಸವಲ್ಲ. ಮಾತ್ರೆಗಳನ್ನು ನಿಲ್ಲಿಸುವದೇ ನಂಬಿಕೆಯ ಗುರುತೆಂದು ಬೋಧಿಸುವವರಿಗೆ ಕಿವಿಗೊಡಬೇಡಿರಿ. ಪೌಲನ ಸಂಗಡ ನಡೆದ ಲೂಕನು ವೈದ್ಯನೇ. ದಯಾಳುವಾದ ಸಮಾರ್ಯದವನು ಗಾಯಕ್ಕೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದನು. ಔಷಧವೂ ಪ್ರಾರ್ಥನೆಯೂ ಒಂದೇ ಒಡೆಯನ ಇಬ್ಬರು ಸೇವಕರು.

ಹಾಗಾದರೆ ಸಭೆಯು ಮಾಡತಕ್ಕದ್ದೇನು? ಹೋಗಿ ಹತ್ತಿರ ಕೂತುಕೊಳ್ಳಿರಿ. ಯೋಬನ ಸ್ನೇಹಿತರು ಮಾತಿಲ್ಲದೆ ಕೂತಿದ್ದ ಏಳು ದಿನಗಳೇ ಅವರು ಮಾಡಿದ ಒಳ್ಳೆಯ ಕೆಲಸವಾಗಿತ್ತು. ನಿದ್ದೆಯನ್ನೂ ಊಟವನ್ನೂ ವಿಚಾರಿಸಿರಿ. ಆಸ್ಪತ್ರೆಗೆ ಜೊತೆಯಲ್ಲಿ ಹೋಗಿರಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಗಳು ದೂರವಾದರೆ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿರಿ. ಜಿಲ್ಲೆಯಲ್ಲಿಯೇ ಇಂಥವರಿಗೆ ಚಿಕಿತ್ಸೆ ಕೊಡುವ ಏರ್ಪಾಡು 1980ರ ದಶಕದಲ್ಲಿ ನಮ್ಮ ಬಳ್ಳಾರಿ ಸೀಮೆಯಲ್ಲಿಯೇ ಪರೀಕ್ಷಿಸಲ್ಪಟ್ಟು ಬಳಿಕ ದೇಶಕ್ಕೆ ಹಬ್ಬಿತು. 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಕನ್ನಡದಲ್ಲಿಯೇ ಆಲೋಚನೆ ದೊರೆಯುತ್ತದೆ. ಸಾಯಬೇಕೆಂಬ ಮಾತು ಬಾಯಿಂದ ಬಂದರೆ ಅದನ್ನು ಹಗುರವಾಗಿ ಎಣಿಸದೆ, ಒಬ್ಬಂಟಿಯಾಗಿ ಬಿಡದೆ, ಹೊಲಕ್ಕೆ ಹೊಡೆಯುವ ಔಷಧವನ್ನು ಆ ಮನೆಯಿಂದ ದೂರಮಾಡಿ, ತಡಮಾಡದೆ ವೈದ್ಯರ ಬಳಿಗೆ ಕರಕೊಂಡು ಹೋಗಿರಿ. ಕೊಟ್ಟಿಗೆಯಲ್ಲಿ ಸರಪಣಿ ಹಾಕಿ ಕಟ್ಟಲೇಬೇಡಿರಿ. 2017ರ ಮಾನಸಿಕ ಆರೋಗ್ಯ ಕಾಯಿದೆಯೂ ಅದನ್ನು ನಿಷೇಧಿಸಿದೆ. ಆ ಮನೆಯ ಗುಟ್ಟನ್ನು ಬೀದಿಗೆ ತರಬೇಡಿರಿ. ಆರೈಕೆ ಮಾಡುವವರಿಗೂ ಒಂದು ರಾತ್ರಿ ವಿಶ್ರಾಂತಿಯಾಗುವಂತೆ ಸರದಿಯಲ್ಲಿ ನಿಲ್ಲಿರಿ.

ನಮ್ಮ ಆ ಸಹೋದರಿಯನ್ನು ಆಕೆಯ ಅತ್ತೆಯೂ ನಾವೂ ಜಿಲ್ಲಾ ಆಸ್ಪತ್ರೆಗೆ ಕರಕೊಂಡು ಹೋದೆವು. ತಿಂಗಳುಗಳಾದ ಮೇಲೆ ಆಕೆ ಆರಾಧನೆಗೆ ಬಂದು ಬಾಗಲ ಹತ್ತಿರ ಕೂತಳು. ಈಗಲೂ ಅಲ್ಲಿಯೇ ಕೂತುಕೊಳ್ಳುತ್ತಾಳೆ. ಕೆಲವು ಭಾನುವಾರ ಹಾಡುತ್ತಾಳೆ, ಕೆಲವು ಭಾನುವಾರ ಹಾಡುವದಿಲ್ಲ. ಆಕೆ ಹಾಡದ ದಿನ ಪಕ್ಕದಲ್ಲಿರುವ ಅತ್ತೆಯು ಸ್ವಲ್ಪ ಗಟ್ಟಿಯಾಗಿ ಹಾಡುತ್ತಾಳೆ.

ಇದೇ ಸಭೆಯ ಋಣವೆಂದು ನಾವು ತಿಳಿಯುತ್ತೇವೆ. ಮಾಳಿಗೆಯನ್ನು ಬಿಚ್ಚಿ ಪಾರ್ಶ್ವವಾಯು ರೋಗಿಯನ್ನು ಇಳಿಸಿದ ನಾಲ್ವರನ್ನು ನೆನೆಯಿರಿ. ರೋಗಿಯು ಏನು ನಂಬಿದನೆಂದು ಸುವಾರ್ತೆಯು ಹೇಳುವದಿಲ್ಲ. ಕರ್ತನು ಹೊತ್ತು ತಂದವರ ನಂಬಿಕೆಯನ್ನು ನೋಡಿದನೆಂದು ಹೇಳುತ್ತದೆ. ನಂಬಲಾರದವನಿಗೋಸ್ಕರ ನಂಬುವದೂ, ಪ್ರಾರ್ಥಿಸಲಾರದವನಿಗೋಸ್ಕರ ಪ್ರಾರ್ಥಿಸುವದೂ, ಅವನು ಎಂದು ಬಂದರೂ ಕೂತುಕೊಳ್ಳುವಂತೆ ಅವನ ಸ್ಥಳವನ್ನು ಕಾದಿಡುವದೂ ನಮ್ಮ ಕೆಲಸವೇ. ಮಂಚದ ನಾಲ್ಕು ಮೂಲೆಗಳಲ್ಲಿ ಒಂದನ್ನು ಹಿಡಿಯಲು ದೇವರು ನಮ್ಮೆಲ್ಲರಿಗೂ ಬಲವನ್ನು ದಯಪಾಲಿಸಲಿ. ಆಮೆನ್.