ಮೇವಿನ ವಿಷ ಮತ್ತು ಹಿಂಸೆಯ ಹೊಣೆ

ಕೆಲವು ಸಸ್ಯಗಳ ಎಲೆಗಳಲ್ಲಿ ಡಿ ಜೀವಸತ್ವದ ಸಕ್ರಿಯ ರೂಪವೇ ಇರುತ್ತದೆ. ದಕ್ಷಿಣ ಅಮೆರಿಕದ ಸೊಲಾನಮ್ ಗ್ಲಾಕೊಫಿಲಮ್, ಆಲ್ಪ್ಸ್ ಹುಲ್ಲುಗಾವಲಿನ ಟ್ರೈಸೆಟಮ್ ಫ್ಲೇವೆಸೆನ್ಸ್, ಭಾರತದ ತೋಟಗಳಲ್ಲಿ ಅಂದಕ್ಕೆ ಬೆಳೆಸುವ ‘ದಿನ್ ಕಾ ರಾಜಾ’ ಈ ಬಗೆಯವು. ಜೀವಸತ್ವ ಎಷ್ಟು ಸಕ್ರಿಯವಾಗಬೇಕೆಂಬುದು ಸಾಮಾನ್ಯವಾಗಿ ಮೂತ್ರಪಿಂಡದ ಹಿಡಿತದಲ್ಲಿರುತ್ತದೆ. ಈ ಗಿಡಗಳನ್ನು ಮೇದ ದನದಲ್ಲಿ ಆ ಹಿಡಿತ ತಪ್ಪುತ್ತದೆ. ಕರುಳು ಮಿತಿಮೀರಿ ಕ್ಯಾಲ್ಸಿಯಂ, ರಂಜಕ ಹೀರುತ್ತದೆ. ರಕ್ತನಾಳ, ಹೃದಯ, ಶ್ವಾಸಕೋಶಗಳಲ್ಲಿ ಅವು ಗಟ್ಟಿಕಟ್ಟುತ್ತವೆ. ದನ ಕಾಲು ಸೆಟೆದು, ತಿಂಗಳುಗಟ್ಟಲೆ ಸೊರಗುತ್ತದೆ.

ಚಿತ್ತಾಪುರ, ಚಿಂಚೋಳಿ ಮತ್ತು ಸೇಡಂ ತಾಲೂಕಿನ ಮುಧೋಳದಂಥ ಜೋಳದ ಸೀಮೆಯಲ್ಲಿ ಇದಕ್ಕೆ ಹತ್ತಿರದ ಅಪಾಯ ಎಳೆ ಜೋಳದ್ದು. ಮಳೆಯಿಲ್ಲದೆ ಬಾಡಿದ ಎಳೆ ಪೈರಿನಲ್ಲಿ, ಕೂಳೆಯ ಹೊಸ ಚಿಗುರಿನಲ್ಲಿ ಧುರ್ರಿನ್ ಎಂಬ ಸಂಯುಕ್ತ ಹೆಚ್ಚಿರುತ್ತದೆ. ಮೇದಾಗ ಅದರಿಂದ ಸೈನೈಡ್ ಹೊರಬಂದು ದನ ಬೇಗನೆ ಸಾಯಬಹುದು. ಅದೇ ಜೋಳ ಬಲಿತು ಒಣಗಿದರೆ ಕಣಿಕೆಯಾಗಿ ಬೇಸಿಗೆಯಲ್ಲಿ ದನಗಳನ್ನು ಸಾಕುತ್ತದೆ.

ಕೊಲ್ಲುವ ಉದ್ದೇಶ ಯಾರಿಗೂ ಇಲ್ಲದ ಇಂಥ ಸಾವಿಗೆ ಹೊಣೆ ಯಾರದು? ಈ ನೆಲದಲ್ಲಿ ಬೇರೂರಿದ್ದ ಎರಡು ಮತಗಳು ಇದಕ್ಕೆ ಬೇರೆ ಬೇರೆ ದಾರಿಯಿಂದ ಉತ್ತರಿಸುತ್ತವೆ. ಚಿತ್ತಾಪುರ ತಾಲೂಕಿನ ಸನ್ನತಿ ಬೌದ್ಧರ ನೆಲೆಯಾಗಿತ್ತು. ಬೌದ್ಧಮತದಲ್ಲಿ ಸಂಕಲ್ಪವೇ ಕರ್ಮ. ಸಂಕಲ್ಪವಿಲ್ಲದ ಗಿಡಕ್ಕೆ ಪಾಪವಿಲ್ಲ. ಎಲ್ಲ ನೋವೂ ಪೂರ್ವಕರ್ಮದ ಫಲವೆಂಬ ಮಾತನ್ನೂ ಅದು ಒಪ್ಪುವುದಿಲ್ಲ. ಸಂಯುಕ್ತ ನಿಕಾಯದ ಸೀವಕ ಸುತ್ತವು ವಾತ, ಪಿತ್ತ, ಕಫ, ಋತುಬದಲಾವಣೆ, ಸರಿಯಿಲ್ಲದ ಪಾಲನೆಗಳನ್ನೂ ನೋವಿನ ಕಾರಣಗಳಲ್ಲಿ ಎಣಿಸುತ್ತದೆ. ಹಾಗಾಗಿ ದನದ ಸಾವನ್ನು ಅದರ ಹಣೆಬರಹಕ್ಕೆ ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ.

ಸೇಡಂ ತಾಲೂಕಿನ ಮಳಖೇಡವನ್ನು ರಾಜಧಾನಿಯಾಗಿಸಿಕೊಂಡು ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ (814–878) ಜೈನಮತಕ್ಕೆ ಅರಸನ ಆಶ್ರಯವಿತ್ತು. ಜೈನರಿಗೆ ಗಿಡವೂ ಒಂದೇ ಇಂದ್ರಿಯದ ಜೀವ, ಆದರೆ ಮನಸ್ಸಿಲ್ಲದ್ದು. ಅವರ ತತ್ತ್ವಾರ್ಥಸೂತ್ರವು ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ, ಪ್ರಾಣ ತೆಗೆಯುವುದನ್ನು ಹಿಂಸೆಯೆನ್ನುತ್ತದೆ. ಇಲ್ಲಿ ದ್ವೇಷವಿಲ್ಲದಿದ್ದರೂ ದೋಷವುಂಟು.

ಎರಡನ್ನೂ ಕೂಡಿಸಿ ನೋಡಿದರೆ ಹೊಣೆ ಅರಿವಿನ ಹಿಂದೆ ಬರುತ್ತದೆ. ಗಿಡಕ್ಕೂ ದನಕ್ಕೂ ವಿಷದ ತಿಳಿವಳಿಕೆ ಇಲ್ಲ. ಗೊತ್ತಿಲ್ಲದೆ ಕೂಳೆಗೆ ದನ ಬಿಟ್ಟವನಿಗೆ ಅದು ಅವಘಡ. ಗೊತ್ತಿದ್ದೂ ಬಿಟ್ಟವನಿಗೆ ಪ್ರಮಾದ. ತಿಳಿಯುವ ಅವಕಾಶವಿದ್ದೂ ವಿಚಾರಿಸದವನು ಇವೆರಡರ ನಡುವೆ ನಿಲ್ಲುತ್ತಾನೆ. ಸಾಕಿದ ಪ್ರಾಣಿ ತನ್ನ ಮೇವನ್ನು ತಾನೇ ಆರಿಸಲಾರದಷ್ಟು ಅವನ ಕೈಯಲ್ಲಿರುವುದರಿಂದ ಅವನ ದೋಷ ಪ್ರಮಾದಕ್ಕೇ ಹತ್ತಿರ. ಎಳೆ ಜೋಳದಿಂದ ದನವನ್ನು ದೂರ ಕಟ್ಟುವುದು, ಕತ್ತರಿಸಿದ ದಿನ್ ಕಾ ರಾಜಾ ಕೊಂಬೆಗಳನ್ನು ದನ ಅಡ್ಡಾಡುವಲ್ಲಿ ಎಸೆಯದಿರುವುದು ಈ ಅರ್ಥದಲ್ಲಿ ಅಹಿಂಸೆಯ ಆಚರಣೆಯೇ.